ಎಸ್‌ಎಸ್ ಪಟ್ಟಿಗೆ ಯಾವ ಡ್ರಿಲ್ ಬಿಟ್ ಸೆಟ್? ಮೂರು ಪೆಟ್ಟಿಗೆಗಳ ಒಂದು ಪ್ರಕರಣ ಅಧ್ಯಯನ

ಗೇಟು, ಗ್ರಿಲ್, ಯಂತ್ರ ಕೂರಿಸುವ ಸ್ಟ್ಯಾಂಡು ಮಾಡಿಕೊಡುವ ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪೊಂದರಲ್ಲಿ ಎದ್ದ ಪ್ರಶ್ನೆ ಇದು. ಅದನ್ನು ನಡೆಸುವವರು ನನ್ನ ಸ್ನೇಹಿತರು, ವರ್ಷಗಟ್ಟಲೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಮೆದು ಉಕ್ಕು) ಆಂಗಲ್ ಮತ್ತು ಪಟ್ಟಿಯಲ್ಲಿ ಪಳಗಿದ ಕೈ. ಈ ಸಲ ಬಂದ ಆರ್ಡರ್ ಬೇರೆ ಥರದ್ದು: 5 ಮಿ.ಮೀ. ದಪ್ಪದ ಎಂಎಸ್ ಆಂಗಲ್‌ನ ಚೌಕಟ್ಟು, ಅದಕ್ಕೆ ಬೋಲ್ಟ್ ಮಾಡುವ 6 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಪಟ್ಟಿಗಳು, ಮೇಲೆ 2 ಮಿ.ಮೀ. ಅಲ್ಯೂಮಿನಿಯಂ ಹಾಳೆಯ ಮುಚ್ಚಳ. ಎಸ್‌ಎಸ್ ಪಟ್ಟಿಯ ಕೆಲವು ತೂತುಗಳಲ್ಲಿ ಬೋಲ್ಟ್ ಸಲೀಸಾಗಿ ದಾಟಿಹೋಗಬೇಕು, ಇನ್ನು ಕೆಲವಕ್ಕೆ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆದು ಥ್ರೆಡ್ ಮಾಡಬೇಕು.

ಎಂಎಸ್‌ಗೆ ತಕರಾರಿಲ್ಲದೆ ಇಳಿಯುತ್ತಿದ್ದ ಬಿಟ್‌ಗಳು ಎಸ್‌ಎಸ್ ಮೇಲೆ ಕಿರುಚತೊಡಗಿದವು. ಮೊನೆ ನೀಲಿಯಾಯಿತು. ಒಂದೆರಡು ಮಿಲಿಮೀಟರ್ ಇಳಿದ ಮೇಲೆ ತೂತಿನ ತಳ ಹೊಳಪೇರಿ ನಿಂತುಬಿಡುತ್ತಿತ್ತು, ಆಮೇಲೆ ಎಷ್ಟು ತಿರುಗಿಸಿದರೂ ಲೋಹದ ಚೂರು ಬರುತ್ತಿರಲಿಲ್ಲ. ಹೊಸ ಬಿಟ್ ಹಾಕಿದರೆ ಅದರದ್ದೂ ಅದೇ ಗತಿ. “ಈ ಬಿಟ್‌ಗಳೇ ಸರಿ ಇಲ್ಲ. ಒಳ್ಳೆ ಸೆಟ್ ಯಾವುದು ಅಂತ ಹೇಳಿ, ತಗೊಂಡ್ಬಿಡ್ತೀನಿ” ಎಂದರು. ಅವರ ಮುಂದೆ ಮೂರು ಆಯ್ಕೆಗಳಿದ್ದವು. ಒಂದು ಅವರ ಬಳಿಯೇ ಇದ್ದ ಕಪ್ಪು ಸೆಟ್. ಇನ್ನೆರಡನ್ನು ಪರಿಚಯದವರಿಂದ ನೋಡಿ ವಾಪಸ್ ಕೊಡುವುದಕ್ಕೆಂದು ತಂದಿಟ್ಟುಕೊಂಡಿದ್ದರು.

ಮೂರು ಪೆಟ್ಟಿಗೆಗಳಲ್ಲಿ ಏನಿತ್ತು

ಕಪ್ಪು ಸೆಟ್: ಸಾಮಾನ್ಯ ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲ್. ಕಾದ ಸರಳನ್ನು ಉರುಳೆಯಲ್ಲಿ ಒತ್ತಿ ಸುರುಳಿ ಮೂಡಿಸಿದ ಬಗೆ. ಮೊನೆಯ ಕೋನ 118 ಡಿಗ್ರಿ. ಮೈಮೇಲಿನ ಕಪ್ಪು ಬರೀ ಆಕ್ಸೈಡ್ ಪದರ. ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಎಣ್ಣೆಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. 1ರಿಂದ 10 ಮಿ.ಮೀ. ತನಕ ಅರ್ಧರ್ಧ ಮಿಲಿಮೀಟರ್ ಏರಿಕೆಯಲ್ಲಿ 19 ಬಿಟ್.

ಬಂಗಾರದ ಬಣ್ಣದ ಸೆಟ್: ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘ಟೈಟಾನಿಯಂ’. ಒಳಗಿನ ಉಕ್ಕು ಮಾತ್ರ ಎಚ್‌ಎಸ್‌ಎಸ್ಸೇ. ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಟೈಟಾನಿಯಂ ನೈಟ್ರೈಡ್ ಲೇಪ. ಮೊನೆ 135 ಡಿಗ್ರಿ, ಸ್ಪ್ಲಿಟ್ ಪಾಯಿಂಟ್, ಅಂದರೆ ತುದಿಯಲ್ಲಿ ಸೀಳು ಕೊಟ್ಟದ್ದು. 1ರಿಂದ 13 ಮಿ.ಮೀ. ತನಕ 25 ಬಿಟ್.

ಕೋಬಾಲ್ಟ್ ಸೆಟ್: ಶ್ಯಾಂಕ್, ಅಂದರೆ ಬಿಟ್‌ನ ಹಿಡಿಯ ಭಾಗದ ಮೇಲೆ ಎಂ35 ಎಂದು ಕೊರೆದಿತ್ತು. ಇದು ಉಕ್ಕಿನ ದರ್ಜೆಯ ಹೆಸರು, ಥ್ರೆಡ್ ಅಳತೆಯ ಎಂ ಅಲ್ಲ. ಸಾಮಾನ್ಯ ಎಚ್‌ಎಸ್‌ಎಸ್ ಆದ ಎಂ2ರಲ್ಲಿ ಸುಮಾರು ಶೇ. 6 ಟಂಗ್‌ಸ್ಟನ್, ಶೇ. 5 ಮಾಲಿಬ್ಡಿನಮ್, ಶೇ. 4 ಕ್ರೋಮಿಯಂ, ಶೇ. 2 ವೆನೇಡಿಯಂ ಇರುತ್ತವೆ. ಹೆಚ್ಚುಕಡಿಮೆ ಅದೇ ಮಿಶ್ರಣಕ್ಕೆ ಶೇ. 5 ಕೋಬಾಲ್ಟ್ ಸೇರಿದರೆ ಎಂ35. ಇನ್ನೂ ಮೇಲಿನ ಎಂ42ರಲ್ಲಿ ಶೇ. 8. ಕೋಬಾಲ್ಟ್ ಇಡೀ ಉಕ್ಕಿನೊಳಗೆ ಬೆರೆತಿರುತ್ತದೆ, ಹಾಗಾಗಿ ಸಾಣೆ ಹಿಡಿದಷ್ಟೂ ಒಳಗಿನಿಂದ ಅದೇ ಉಕ್ಕು ಹೊರಬರುತ್ತದೆ. ಈ ಸೆಟ್‌ನ ಬಿಟ್‌ಗಳು ಗಟ್ಟಿ ಸರಳಿನಿಂದ ಗ್ರೈಂಡ್ ಮಾಡಿ ತೆಗೆದವು, 135 ಡಿಗ್ರಿ ಸ್ಪ್ಲಿಟ್ ಪಾಯಿಂಟ್, 1ರಿಂದ 10ರ ತನಕ 19.

ಕೋಬಾಲ್ಟ್ ಬಿಟ್‌ಗಳಿಗೂ ಹಲವು ಸಲ ತೆಳುವಾದ ಕಂಚಿನ ಛಾಯೆ ಇರುತ್ತದೆ. ಬಂಗಾರದ ಲೇಪದ ಪಕ್ಕ ಇಟ್ಟರೆ ಗೊಂದಲವಾಗುವುದು ಸಹಜ. ಬಣ್ಣ ನೋಡಿ ನಿರ್ಧರಿಸಬೇಡಿ, ಶ್ಯಾಂಕ್ ಮೇಲಿನ ಗುರುತು ಓದಿ. ಏನೂ ಗುರುತಿಲ್ಲದ, ಬರೀ ‘ಟೈಟಾನಿಯಂ’ ಎಂದಿರುವ ಸೆಟ್‌ನಲ್ಲಿ ಲೇಪದ ಕೆಳಗೆ ಯಾವ ಉಕ್ಕಿದೆ ಎಂದು ಕೊಳ್ಳುವವರಿಗೆ ತಿಳಿಯುವುದೇ ಇಲ್ಲ. ಅಂಥದ್ದನ್ನು ಲೋಹದ ಕೆಲಸಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಮೊದಲು ಸತ್ತ ಬಿಟ್‌ಗಳನ್ನು ಓದಿದ್ದು

ಹೊಸ ಪೆಟ್ಟಿಗೆ ತೆರೆಯುವ ಮೊದಲು ಕೆಟ್ಟ ಬಿಟ್‌ಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕಿಸಿ, ಭೂತಗನ್ನಡಿ ಹಿಡಿದು ಕೂತೆವು. ಬಿಟ್ ಹೇಗೆ ಕೆಟ್ಟಿದೆ ಎಂಬುದರಲ್ಲೇ ಕಾರಣದ ಬಹುಪಾಲು ಇರುತ್ತದೆ. ಕತ್ತರಿಸುವ ಅಲಗು ಚಕ್ಕೆ ಎದ್ದಿದ್ದರೆ ಒತ್ತಡ ಅತಿಯಾಗಿದೆ, ಇಲ್ಲವೇ ಅಲಗಿನ ಹಿಂದೆ ಅಗತ್ಯಕ್ಕಿಂತ ಹೆಚ್ಚು ಇಳಿಜಾರು ಕೊಟ್ಟಿದ್ದಾರೆ. ಎರಡು ಅಲಗುಗಳಲ್ಲಿ ಒಂದೇ ಸವೆದಿದ್ದರೆ ಸಾಣೆ ಸಮವಾಗಿಲ್ಲ. ಅಲಗಿನ ಹೊರ ಮೂಲೆಗಳು ದುಂಡಾಗಿ ನೀಲಿಯಾಗಿದ್ದರೆ ವೇಗ ಹೆಚ್ಚಾಗಿದೆ, ಏಕೆಂದರೆ ತಿರುಗುವ ಬಿಟ್‌ನಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವುದು, ಎಲ್ಲಕ್ಕಿಂತ ಮೊದಲು ಕಾಯುವುದು ಆ ಮೂಲೆಗಳೇ.

ತಟ್ಟೆಯಲ್ಲಿದ್ದವೆಲ್ಲ ಈ ಕೊನೆಯ ಜಾತಿಯವು. ನಡುವಿನ ಮೊನೆ ಹೆಚ್ಚುಕಡಿಮೆ ಹಾಗೇ ಇತ್ತು, ಮೂಲೆಗಳು ಮಾತ್ರ ಸುಟ್ಟುಹೋಗಿದ್ದವು.

ಆಗ ಲೆಕ್ಕ ಹಾಕಿದೆವು. ಬಿಟ್‌ನ ವ್ಯಾಸವನ್ನು 3.14ರಿಂದ, ಅದನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಹೊರ ಅಂಚು ನಿಮಿಷಕ್ಕೆ ಎಷ್ಟು ಮೀಟರ್ ಓಡುತ್ತದೆ ಎಂಬುದು ಸಿಗುತ್ತದೆ. ಅವರು ಬಳಸುತ್ತಿದ್ದ ಕೈ ಡ್ರಿಲ್ ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗುವಂಥದ್ದು. 6.5 ಮಿ.ಮೀ. ಬಿಟ್ ಹಾಕಿ ಟ್ರಿಗರ್ ಪೂರ್ತಿ ಒತ್ತಿದರೆ 51 ಮೀಟರ್. ಎಚ್‌ಎಸ್‌ಎಸ್ ಬಿಟ್‌ಗೆ ಎಂಎಸ್‌ನಲ್ಲಿ ಒಪ್ಪುವುದು 25ರಿಂದ 30 ಮೀಟರ್. 304 ಸ್ಟೇನ್‌ಲೆಸ್‌ನಲ್ಲಿ 10ರಿಂದ 15 ಅಷ್ಟೇ. ಎಂಎಸ್‌ನಲ್ಲೂ ಅವರು ಮಿತಿ ಮೀರಿಯೇ ಓಡಿಸುತ್ತಿದ್ದರು, ಆ ಲೋಹ ಅದನ್ನು ಸಹಿಸಿಕೊಂಡಿತ್ತು. ಎಸ್‌ಎಸ್ ಸಹಿಸಲಿಲ್ಲ.

ಅದಕ್ಕೆ ಎರಡು ಕಾರಣ. ಶಾಖವನ್ನು ಸಾಗಹಾಕುವುದರಲ್ಲಿ 304 ಬಹಳ ನಿಧಾನ, ಎಂಎಸ್‌ನ ಮೂರನೇ ಒಂದು ಪಾಲಿನಷ್ಟು. ಎಂಎಸ್‌ನಲ್ಲಿ ಪಟ್ಟಿಯ ಉದ್ದಕ್ಕೂ ಹರಡಿಹೋಗುವ ಶಾಖದ ಬಹುಪಾಲು ಇಲ್ಲಿ ಮೊನೆಯ ಸುತ್ತಲೇ ಉಳಿದು ಬಿಟ್‌ಗೆ ಏರುತ್ತದೆ. ಎರಡನೆಯದು ಇನ್ನೂ ಕಷ್ಟದ್ದು. ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುವ ಈ ಉಕ್ಕು ಉಜ್ಜಿದಲ್ಲಿ, ಒತ್ತಿದಲ್ಲಿ ಗಟ್ಟಿಯಾಗುತ್ತದೆ. ಬಿಟ್ ಕತ್ತರಿಸದೆ ಬರೀ ತಿಕ್ಕಿದರೆ ತಳದಲ್ಲಿ ಮೊದಲಿಗಿಂತ ಗಟ್ಟಿಯಾದ ತೆಳು ಪದರ ಹುಟ್ಟುತ್ತದೆ. ಅವರು ಕಂಡ ಹೊಳಪು ಅದೇ. ಆ ಪದರದ ಮೇಲೆ ಹೊಸ ಬಿಟ್ ಇಟ್ಟು ಮತ್ತೆ ಜೋರಾಗಿ, ಹಗುರವಾಗಿ ತಿರುಗಿಸಿದರೆ ಅದೂ ತಿಕ್ಕುತ್ತದೆ, ಪದರ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಟ್ ಮೇಲೆ ಬಿಟ್ ಹೋದದ್ದು ಹೀಗೆ.

ಮೊನೆ ಕಾದಷ್ಟೂ ಮೆದುವಾಗುವುದು ಉಕ್ಕಿನ ಹಳೆಯ ಸಮಸ್ಯೆ. ಸುರುಳಿ ಡ್ರಿಲ್ ಬಿಟ್‌ಗೆ ಅಮೆರಿಕದ ಸ್ಟೀಫನ್ ಮೋರ್ಸ್ ಪೇಟೆಂಟ್ ಪಡೆದದ್ದು 1863ರಲ್ಲಿ. ಆಗಿನ ಕಾರ್ಬನ್ ಸ್ಟೀಲ್ ಬಿಟ್‌ಗಳು 200ರಿಂದ 250 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹದ ಬಿಡುತ್ತಿದ್ದವು. ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಟಂಗ್‌ಸ್ಟನ್ ಬೆರೆತ ಉಕ್ಕಿಗೆ ಅತಿ ಹೆಚ್ಚಿನ ಶಾಖದಲ್ಲಿ ಹದ ಕೊಡುವ ಕ್ರಮ ಕಂಡುಕೊಂಡು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಮೇಲೆ, ಮಂದ ಕೆಂಪಗೆ ಕಾದರೂ ಕತ್ತರಿಸಬಲ್ಲ ಉಪಕರಣಗಳು ಬಂದವು. ಇಂದಿನ ಎಚ್‌ಎಸ್‌ಎಸ್ 550ರಿಂದ 600 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಕೋಬಾಲ್ಟ್ ಆ ತಾಳಿಕೆಯನ್ನು ಇನ್ನಷ್ಟು ಮೇಲೆತ್ತುತ್ತದೆ. ಆದರೆ 51 ಮೀಟರ್ ವೇಗದಲ್ಲಿ ಸ್ಟೇನ್‌ಲೆಸ್ ಮೇಲೆ ಉಜ್ಜಿದರೆ ಕೋಬಾಲ್ಟ್ ಕೂಡ ಉಳಿಯುವುದಿಲ್ಲ, ಕೆಡುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ. ಸೆಟ್ ಬದಲಿಸಿ ವೇಗ ಬದಲಿಸದೇ ಇದ್ದಿದ್ದರೆ ಅವರ ಹಣವೂ ಹೋಗುತ್ತಿತ್ತು, ಆರ್ಡರೂ ನಿಲ್ಲುತ್ತಿತ್ತು.

ಒಂದೇ ನೆಲೆಯಲ್ಲಿ ಮೂರನ್ನೂ ನೋಡಿದ್ದು

ವರ್ಕ್‌ಶಾಪಿನ ಮೂಲೆಯಲ್ಲಿ ಬೆಲ್ಟ್ ಬದಲಿಸಿ ವೇಗ ಹೊಂದಿಸುವ ಬೆಂಚ್ ಡ್ರಿಲ್ ಒಂದಿತ್ತು. ಚೌಕಟ್ಟಿನ ಹತ್ತಿರಕ್ಕೆ ಕೈ ಡ್ರಿಲ್ ಒಯ್ಯುವುದೇ ಸುಲಭ ಎಂದು ಅದನ್ನು ಅಷ್ಟಾಗಿ ಬಳಸುತ್ತಿರಲಿಲ್ಲ. ಅದರ ಅತಿ ಕಡಿಮೆ ವೇಗ ನಿಮಿಷಕ್ಕೆ 500 ಸುತ್ತು. 9 ಮಿ.ಮೀ. ಬಿಟ್‌ಗೆ ಅದು 14 ಮೀಟರ್ ಆಗುತ್ತದೆ, 6.5ಕ್ಕೆ 10. ಎರಡೂ ಸ್ಟೇನ್‌ಲೆಸ್‌ಗೆ ಒಪ್ಪುವ ಮಿತಿಯೊಳಗೇ ಇವೆ.

ಪಟ್ಟಿಯನ್ನು ವೈಸ್‌ನಲ್ಲಿ ಬಿಗಿದೆವು. ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೆಂಚ್ ಡ್ರಿಲ್‌ನಲ್ಲಿ ತೂತು ಮಾಡುವ ರೂಢಿ ಎಷ್ಟೋ ಕಡೆ ಇದೆ. ಬಿಟ್ ಕೆಳಗೆ ದಾಟುವ ಗಳಿಗೆಯಲ್ಲಿ ಪಟ್ಟಿಯನ್ನು ಕಚ್ಚಿ ತಿರುಗಿಸಿದರೆ ಬೆರಳು ಹೋಗುತ್ತದೆ. ರಕ್ಷಣಾ ಕನ್ನಡಕ ಹಾಕಿಕೊಳ್ಳಿ, ಗ್ಲೌಸ್ ತೆಗೆದಿಡಿ. ತಿರುಗುವ ಬಿಟ್‌ಗೆ ಗ್ಲೌಸ್ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ತೂತಿನ ಜಾಗಕ್ಕೆ ಗುಳಿ ಮೂಡಿಸುವ ಸೆಂಟರ್ ಪಂಚನ್ನು ಎಸ್‌ಎಸ್ ಮೇಲೆ ಹಗುರವಾಗಿ ಹೊಡೆದೆವು, ಬಲವಾಗಿ ಹೊಡೆದರೆ ಆ ಜಾಗವೇ ಗಟ್ಟಿಯಾಗುತ್ತದೆ. ಕಟಿಂಗ್ ಆಯಿಲ್ ಧಾರಾಳ. ಒಮ್ಮೆ ಬಿಟ್ ತಾಗಿತೆಂದರೆ ಚೂರು ಬರುವಷ್ಟು ಒತ್ತಡ ಬಿಡದೆ ಕೊಡಬೇಕು, ಇಲ್ಲವೇ ಪೂರ್ತಿ ಮೇಲೆತ್ತಬೇಕು. ಇದು ಮೂರೂ ಸೆಟ್‌ಗೆ ಒಂದೇ ನಿಯಮ.

ಅಚ್ಚರಿ ಕಂಡದ್ದು ಕಪ್ಪು ಬಿಟ್‌ನಲ್ಲೇ. ‘ಸರಿ ಇಲ್ಲ’ ಎನಿಸಿಕೊಂಡಿದ್ದ ಅದೇ ಸೆಟ್‌ನ ಹೊಸ ಬಿಟ್ 6 ಮಿ.ಮೀ. ಎಸ್‌ಎಸ್ ಪಟ್ಟಿಯನ್ನು ದಾಟಿತು. ನೀಲಿಯಾಗಲಿಲ್ಲ, ಎರಡು ಅಲಗುಗಳಿಂದಲೂ ಸುರುಳಿ ಚೂರು ಎದ್ದಿತು. ಸ್ನೇಹಿತರು ಬಿಟ್ ತೆಗೆದು ಮುಟ್ಟಿನೋಡಿ ಸುಮ್ಮನಾದರು. ಆದರೆ ಅದಕ್ಕೆ ಬೇಕಾದ ಒತ್ತಡ ಬಹಳ. ಶುರುವಿನಲ್ಲಿ ಪಂಚ್ ಗುರುತಿನಿಂದ ಪಕ್ಕಕ್ಕೆ ಸರಿಯುತ್ತಿತ್ತು. ತೂತಿನ ಮೇಲೆ ತೂತು ಹಾಕುತ್ತ ಹೋದಂತೆ ಬೇಗ ಮೊಂಡಾಯಿತು.

ಒತ್ತಡ ಬೇಕಾದದ್ದೇಕೆಂದರೆ ಮೊನೆಯ ರಚನೆ. ಬಿಟ್‌ನ ತುದಿಯಲ್ಲಿ ಎರಡು ಅಲಗುಗಳನ್ನು ಜೋಡಿಸುವ ಸಣ್ಣ ಅಡ್ಡಗೆರೆ ಇರುತ್ತದೆ, ಅದನ್ನು ಚಿಸೆಲ್ ಎನ್ನುತ್ತಾರೆ. ಆ ಗೆರೆ ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಅಕ್ಕಪಕ್ಕಕ್ಕೆ ತಳ್ಳುತ್ತದೆ. ನಾವು ಹಾಕುವ ಬಲದ ದೊಡ್ಡ ಪಾಲನ್ನು ನುಂಗುವುದು ಅದೇ, ಶುರುವಿನಲ್ಲಿ ಬಿಟ್ ಅಲೆದಾಡುವುದೂ ಅದರಿಂದಲೇ. ಸ್ಪ್ಲಿಟ್ ಪಾಯಿಂಟ್‌ನಲ್ಲಿ ಆ ಗೆರೆಯ ಎರಡೂ ಬದಿ ಸೀಳು ಕೊಟ್ಟು ಅಲ್ಲೂ ಪುಟ್ಟ ಅಲಗು ಮೂಡಿಸಿರುತ್ತಾರೆ. ಬಿಟ್ ನಡುಮಧ್ಯದಿಂದಲೇ ಕತ್ತರಿಸಲು ತೊಡಗುತ್ತದೆ. ಒತ್ತಿದರೆ ಗಟ್ಟಿಯಾಗುವ ಲೋಹದಲ್ಲಿ ಇದರ ಬೆಲೆ ದೊಡ್ಡದು.

ಬಂಗಾರದ ಬಿಟ್ ಅಲೆದಾಡಲಿಲ್ಲ, ಕಡಿಮೆ ಒತ್ತಡದಲ್ಲಿ ಇಳಿಯಿತು, ಚೂರು ನುಣುಪಾಗಿ ಜಾರಿ ಹೊರಬಂತು. ನೋಡಿದವರು ಯಾರೇ ಆದರೂ ಆ ಬಣ್ಣದ ಮಹಿಮೆ ಎನ್ನುತ್ತಾರೆ. ನನ್ನ ತೀರ್ಮಾನ ಬೇರೆ: ಶುರುವಿನ ಸಲೀಸು ಬಂದದ್ದು 135 ಡಿಗ್ರಿ ಸ್ಪ್ಲಿಟ್ ಪಾಯಿಂಟ್‌ನಿಂದ. ಲೇಪ ತಿಕ್ಕಾಟ ತಗ್ಗಿಸಿ ಬಾಳಿಕೆ ಹೆಚ್ಚಿಸುತ್ತದೆ, ಅದು ನಿಜ. ಆದರೆ ಅಲಗಿನ ಮೇಲೆ ಅದು ಸವೆಯುವ ತನಕ ಮಾತ್ರ. ಸಾಣೆ ಹಿಡಿದ ಕೂಡಲೇ ಮೊನೆಯ ಭಾಗದಲ್ಲಿ ಹೋಗಿಬಿಡುತ್ತದೆ. ಸುರುಳಿಯೊಳಗೆ ಉಳಿದ ಲೇಪ ಚೂರು ಜಾರಲು ನೆರವಾಗುತ್ತದೆ, ಅಲಗಿನ ಕೆಲಸ ಮಾತ್ರ ಇನ್ನು ಒಳಗಿನ ಎಚ್‌ಎಸ್‌ಎಸ್‌ನದೇ.

ಕೋಬಾಲ್ಟ್ ಬಿಟ್ ಶುರುವಿನಲ್ಲಿ ಬಂಗಾರದ್ದಕ್ಕಿಂತ ಭಿನ್ನವಾಗಿ ಕಾಣಲಿಲ್ಲ. ವ್ಯತ್ಯಾಸ ತಿಳಿದದ್ದು ಕೆಲಸ ಮುಂದುವರಿದಂತೆ. ಉಳಿದೆರಡರಲ್ಲಿ ಚೂರು ಪುಡಿಯಾಗತೊಡಗಿ, ಕೈಗೆ ಒತ್ತಡ ಹೆಚ್ಚು ಬೇಕೆನಿಸುವ ಹಂತ ಬಂದ ಮೇಲೂ ಇದು ಅದೇ ಸುರುಳಿ ಎಬ್ಬಿಸುತ್ತಿತ್ತು. ಹಿಂದೆ ಹೊಳಪೇರಿ ನಿಂತಿದ್ದ ಅರ್ಧಂಬರ್ಧ ತೂತುಗಳಲ್ಲೂ ಇದನ್ನು ಇಳಿಸಿ ನೋಡಿದೆವು. ನಿಧಾನಕ್ಕೆ, ಗಟ್ಟಿ ಒತ್ತಡದಲ್ಲಿ ಆ ಪದರವನ್ನು ಒಡೆದು ಒಳಹೋಯಿತು. ಕಪ್ಪು ಬಿಟ್‌ಗೆ ಅದು ಆಗಲಿಲ್ಲ.

ಕೈ ಡ್ರಿಲ್‌ನಲ್ಲಿ ಲೆಕ್ಕ ತಿರುಗಿತು

ಇಲ್ಲಿಗೆ ನಿಲ್ಲಿಸಿದ್ದರೆ ಕೋಬಾಲ್ಟ್ ಸೆಟ್ ಕೊಳ್ಳಿ ಎನ್ನಬಹುದಿತ್ತು. ಆದರೆ ಚೌಕಟ್ಟು ಬೆಸುಗೆಯಾದ ಮೇಲೆ ಅದರಲ್ಲಿ ಹಾಕುವ ತೂತುಗಳಿಗೆ ಬೆಂಚ್ ಡ್ರಿಲ್ ಒದಗುವುದಿಲ್ಲ. ಅಲ್ಲಿ ಕೈ ಡ್ರಿಲ್ಲೇ ಗತಿ, ಕೆಲವು ಸಲ ಮೈ ಬಗ್ಗಿಸಿ ಅಡ್ಡಲಾಗಿ ಹಿಡಿಯಬೇಕು.

ಕೋಬಾಲ್ಟ್ ಉಕ್ಕು ಗಟ್ಟಿಯಾದಷ್ಟೂ ಪೆಡಸು. ಮಣಿಯುವ ಗುಣ ಕಡಿಮೆ. ಕೈ ಸ್ವಲ್ಪ ಓರೆಯಾದರೂ, ಬಿಟ್ ಕೆಳಗೆ ದಾಟುವಾಗ ಕಚ್ಚಿಕೊಂಡರೂ ಸಣ್ಣ ಅಳತೆಯ ಬಿಟ್‌ಗಳು ಪಟ್ಟನೆ ಮುರಿಯುತ್ತವೆ. 3 ಮಿ.ಮೀ. ಸುತ್ತಮುತ್ತಲಿನವು ಹಾಗೇ ಮುರಿದವು. ತೂತಿನೊಳಗೆ ಮುರಿದು ಉಳಿದ ಕೋಬಾಲ್ಟ್ ತುಂಡನ್ನು ಇನ್ನೊಂದು ಬಿಟ್‌ನಿಂದ ಕೊರೆದು ತೆಗೆಯಲಾಗದು, ಅದು ದೊಡ್ಡ ತಲೆನೋವು. ಕಪ್ಪು ಬಿಟ್‌ಗಳು ಅದೇ ಕೈಯಲ್ಲಿ ಬಳುಕಿ ಉಳಿದುಕೊಂಡವು. ಉರುಳೆಯಲ್ಲಿ ಒತ್ತಿ ಮಾಡಿದ ಬಿಟ್‌ಗಳು ಅಷ್ಟು ನಿಖರವಲ್ಲ, ಬಿಟ್ ಹಿಡಿಯುವ ಚಕ್‌ನಲ್ಲಿ ಕೊಂಚ ತೂಗಾಡುವುದೂ ಉಂಟು, ಆದರೆ ಬಳುಕು ತಡೆಯುತ್ತವೆ. ಬೆಸುಗೆಯಾದ ಎಂಎಸ್ ಚೌಕಟ್ಟಿನಲ್ಲಿ, ಕೈ ಡ್ರಿಲ್‌ನಲ್ಲಿ, ಮೂರರಲ್ಲಿ ಒಪ್ಪುವುದು ಆ ಹಳೆಯ ಕಪ್ಪು ಸೆಟ್ಟೇ. ಟ್ರಿಗರನ್ನು ಅರ್ಧಕ್ಕೆ ಹಿಡಿಯುವುದನ್ನು ಕಲಿತರೆ ಸಾಕು.

ಅಲ್ಯೂಮಿನಿಯಂ ಹಾಳೆಗೆ ಮೂರು ಸೆಟ್‌ಗಳಲ್ಲಿ ಯಾವುದನ್ನೂ ಒಪ್ಪಲಿಲ್ಲ. ತೆಳು ಹಾಳೆಯಲ್ಲಿ ಸಾಮಾನ್ಯ ಬಿಟ್ ಮೂರು ಮೂಲೆಯ ತೂತು ಮಾಡುತ್ತದೆ, ಹಾಳೆಯನ್ನು ಎತ್ತಿ ತಿರುಗಿಸುತ್ತದೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಡ್ರಿಲ್, ಒಂದಿಷ್ಟು ಸೀಮೆಎಣ್ಣೆ.

ಎಣಿಕೆಯಲ್ಲಿ 25, ಬೇಕಾದದ್ದು ಎರಡು ಮೂರೇ

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ ಇದು, ಸೆಟ್ ಕೊಳ್ಳುವವರು ಇದನ್ನು ನೋಡುವುದೇ ಕಡಿಮೆ. ಎಸ್‌ಎಸ್ ಪಟ್ಟಿಯ ಕೆಲಸದ ನಕ್ಷೆ ಹರಡಿ ಯಾವ ಬೋಲ್ಟ್‌ಗೆ ಯಾವ ಅಳತೆಯ ತೂತು ಎಂದು ಬರೆದೆವು. ಎಂ5 (ಅಂದರೆ 5 ಮಿ.ಮೀ. ಬೋಲ್ಟ್ ಅಳತೆ) ಟ್ಯಾಪ್‌ಗೆ 4.2 ಮಿ.ಮೀ. ಎಂ8 ಟ್ಯಾಪ್‌ಗೆ 6.8. ಎಂ6 ಬೋಲ್ಟ್ ದಾಟಲು 6.6. ಅರ್ಧರ್ಧ ಮಿಲಿಮೀಟರ್ ಏರುವ ಸೆಟ್‌ನಲ್ಲಿ ಈ ಮೂರೂ ಇಲ್ಲ. 19ರ ಸೆಟ್‌ನಲ್ಲೂ ಇಲ್ಲ, 25ರ ಸೆಟ್‌ನಲ್ಲೂ ಇಲ್ಲ. ಎಂ4 ಟ್ಯಾಪ್‌ಗೆ ಬೇಕಾದ 3.3, ಎಂ12ಕ್ಕೆ ಬೇಕಾದ 10.2 ಕೂಡ ಹಾಗೆಯೇ. ಸಿಗುವುದು ಎಂ6 ಟ್ಯಾಪ್‌ನ 5.0, ಎಂ8 ಬೋಲ್ಟ್ ದಾಟುವ 9.0, ಇಂಥ ಕೆಲವು.

“4.2 ಇಲ್ಲದಿದ್ದರೆ 4 ಹಾಕಿದರಾಯಿತು, ಇಲ್ಲ 4.5” ಎಂದು ಜೊತೆಯಲ್ಲಿದ್ದ ಹುಡುಗ ಹೇಳಿದ. ಎಂಎಸ್‌ನಲ್ಲಿ ಹೇಗೋ ನಡೆದೀತು. ಲೆಕ್ಕ ನೋಡಿ: 0.8 ಮಿ.ಮೀ. ಪಿಚ್‌ನ (ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ) ಎಂ5 ಥ್ರೆಡ್‌ಗೆ 4.2 ತೂತು ಹಾಕಿದರೆ ಥ್ರೆಡ್‌ನ ಎತ್ತರ ಪೂರ್ಣ ಎತ್ತರದ ಸುಮಾರು ಶೇ. 77 ಬರುತ್ತದೆ. 4.0 ಹಾಕಿದರೆ ಶೇ. 96, ಅಂದರೆ ಟ್ಯಾಪ್ ತೆಗೆಯಬೇಕಾದ ಲೋಹ ವಿಪರೀತ, ಸ್ಟೇನ್‌ಲೆಸ್‌ನಲ್ಲಿ ಅದು ಒಳಗೇ ಮುರಿಯುವ ಅಪಾಯ ದೊಡ್ಡದು. 4.5 ಹಾಕಿದರೆ ಶೇ. 48, ಬೋಲ್ಟ್‌ಗೆ ಹಿಡಿತವೇ ಸಾಲದು. 25 ಬಿಟ್‌ಗಳ ಪೆಟ್ಟಿಗೆ ತುಂಬಿರುವಂತೆ ಕಾಣುತ್ತದೆ, ಆದರೆ ಈ ಆರ್ಡರ್‌ಗೆ ಅದರಲ್ಲಿ ಉಪಯೋಗಕ್ಕೆ ಬರುವುದು ಎರಡು ಮೂರು.

ತೀರ್ಮಾನ, ಆಮೇಲಿನ ಒಂದೆರಡು ಮಾತು

ಕೊನೆಗೆ ಹೊಸ ಸೆಟ್ ಕೊಳ್ಳಲಿಲ್ಲ. ಕಪ್ಪು ಸೆಟ್ ಎಂಎಸ್ ಚೌಕಟ್ಟಿಗೆ, ಕೈ ಡ್ರಿಲ್‌ಗೆ ಉಳಿಯಿತು. ಎಸ್‌ಎಸ್‌ಗೆ ಎಂ35 ಕೋಬಾಲ್ಟ್‌ನಲ್ಲಿ 4.2, 5.0, 6.6, 6.8, 9.0 ಇಷ್ಟೇ ಅಳತೆ ಬಿಡಿಯಾಗಿ, ಒಂದೊಂದರಲ್ಲಿ ಎರಡೆರಡು. ಅವು ಬೆಂಚ್ ಡ್ರಿಲ್‌ನಲ್ಲಿ ಮಾತ್ರ, ಪಟ್ಟಿಯನ್ನು ಚೌಕಟ್ಟಿಗೆ ಬೋಲ್ಟ್ ಮಾಡುವ ಮೊದಲೇ. “ನಾನು ಸೆಟ್ ಕೇಳಿದ್ರೆ ನೀವು ಬಿಡಿ ಬಿಟ್ ತಗೊಳ್ಳಿ ಅಂತೀರಲ್ಲ” ಎಂದು ಸ್ನೇಹಿತರು ಮೊದಲು ಒಪ್ಪಲಿಲ್ಲ. ನಕ್ಷೆಯ ಅಳತೆಗಳನ್ನೂ ಪೆಟ್ಟಿಗೆಯ ಅಳತೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಒಪ್ಪಿದರು. ಬಂಗಾರದ ಸೆಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಂಎಸ್, ಎಸ್‌ಎಸ್ ಎರಡೂ ಆಗೊಮ್ಮೆ ಈಗೊಮ್ಮೆ ಬರುವ, ಸಾಣೆ ಹಿಡಿಯುವ ಗೋಜಿಗೆ ಹೋಗದ ಮನೆಬಳಕೆಗೆ ಅದು ಚೆನ್ನಾಗಿ ಹೊಂದುತ್ತದೆ. ದಿನವೂ ಬಿಟ್ ಮೊಂಡಾಗಿ ದಿನವೂ ಸಾಣೆಗೆ ಹೋಗುವ ಕಡೆ ಆ ಲೇಪಕ್ಕಾಗಿ ಹಣ ಕೊಡುವುದರಲ್ಲಿ ಅರ್ಥ ಕಾಣಲಿಲ್ಲ.

ದೊಡ್ಡ ತೂತಿಗೆ ಮೊದಲು ಸಣ್ಣ ತೂತು ಹಾಕುವ ಅಭ್ಯಾಸವನ್ನು 9 ಮಿ.ಮೀ. ತನಕ ಬಿಡಿಸಿದೆವು. ಸ್ಪ್ಲಿಟ್ ಪಾಯಿಂಟ್‌ಗೆ ಅದು ಬೇಕಿಲ್ಲ. ಮೊದಲೇ ಅಗಲದ ತೂತು ಇದ್ದರೆ ಇಡೀ ಭಾರ ಹೊರ ಮೂಲೆಗಳ ಮೇಲೆ ಬೀಳುತ್ತದೆ, ಎಸ್‌ಎಸ್‌ನಲ್ಲಿ ಮೊದಲು ಸಾಯುವುದು ಆ ಮೂಲೆಗಳೇ.

ಸಾಣೆಯ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. 118 ಡಿಗ್ರಿ ಮೊನೆಯನ್ನು ಬೆಂಚ್ ಗ್ರೈಂಡರ್‌ನಲ್ಲಿ ಕೈಯಿಂದಲೇ ಕಟ್ಟಬಲ್ಲರು, ಸ್ನೇಹಿತರಿಗೆ ಆ ಕೈ ಇದೆ: ಎರಡೂ ಅಲಗು ಒಂದೇ ಉದ್ದ, ಒಂದೇ ಕೋನ, ಹಿಂದೆ 8ರಿಂದ 12 ಡಿಗ್ರಿ ಇಳಿಜಾರು. ಅಲಗಿನ ಉದ್ದದಲ್ಲಿ ಹೆಚ್ಚುಕಡಿಮೆಯಾದರೆ ತೂತು ಬಿಟ್‌ಗಿಂತ ದೊಡ್ಡದಾಗುತ್ತದೆ, 6.8ರ ಲೆಕ್ಕವೆಲ್ಲ ವ್ಯರ್ಥ. ಸ್ಪ್ಲಿಟ್ ಪಾಯಿಂಟ್‌ನ ಸೀಳನ್ನು ಸಣ್ಣ ಬಿಟ್‌ನಲ್ಲಿ ಕೈಯಿಂದ ಕೊಡುವುದು ನುರಿತವರಿಗೂ ಕಷ್ಟ, ಅದಕ್ಕೆ ಬಿಟ್ ಸಾಣೆ ಹಿಡಿಯುವ ಯಂತ್ರ ಬೇಕು. ಗ್ರೈಂಡರ್‌ನಲ್ಲಿ ಕಾದ ಎಚ್‌ಎಸ್‌ಎಸ್ ಬಿಟ್ಟನ್ನು ತಣ್ಣೀರಿಗೆ ಅದ್ದುವುದನ್ನಂತೂ ನಿಲ್ಲಿಸಬೇಕು, ಅಲಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಹಗುರವಾಗಿ ತಾಗಿಸಿ, ಗಾಳಿಗೆ ಆರಲು ಬಿಟ್ಟು, ಮತ್ತೆ ತಾಗಿಸಬೇಕು.

ಇದೇ ಆರ್ಡರ್‌ನಲ್ಲಿ ಹದ ಕೊಟ್ಟ ಸ್ಪ್ರಿಂಗ್ ಪಟ್ಟಿಯೋ ಬೇರಿಂಗ್ ರಿಂಗೋ ಇದ್ದಿದ್ದರೆ ಮೂರು ಪೆಟ್ಟಿಗೆಗಳಲ್ಲಿ ಒಂದೂ ಆಗುತ್ತಿರಲಿಲ್ಲ. ಅಲ್ಲಿ ಬೇಕಾದದ್ದು ಕಾರ್ಬೈಡ್ ಬಿಟ್, ಅಲುಗಾಡದ ಯಂತ್ರ, ಬಿಗಿಯಾದ ವೈಸ್. ಕಾರ್ಬೈಡ್ ಕೋಬಾಲ್ಟ್‌ಗಿಂತಲೂ ಪೆಡಸು, ಕೈ ಡ್ರಿಲ್‌ಗೆ ಅದನ್ನು ಹಾಕಲೇಬಾರದು.